ಮಡಕೆ, ಕುಂಬಾರ, ಕುಂಬಾರಕಪ್ಪೆ

ಮಳೆಗಾಲದ ರಾತ್ರಿ. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನು. ಹಗಲಲ್ಲೂ ಬಿಸಿಲು ನೆಲ ಮುಟ್ಟದ ಕಾಡು ಅದು. ರಾಮಪತ್ರೆ ಜಡ್ಡಿಯ, ಅಂದರೆ ರಾಮಪತ್ರೆ ಮರಗಳು ಬೆಳೆದ ಜೌಗಿನ, ಬೇರುಗಳ ನಡುವೆ ಸಣ್ಣ ತೊರೆ ಹರಿಯುತ್ತಿದೆ. ತೊರೆಯ ಮೇಲೆ ಬಾಗಿದ ಒಂದು ಕಡ್ಡಿಗೆ ಹೆಣ್ಣು ಕಪ್ಪೆ ಮೊಟ್ಟೆ ಅಂಟಿಸಿದೆ. ಈಗ ಗಂಡಿನ ಸರದಿ. ಅದು ನೀರಿನ ತಳಕ್ಕೆ ಕೈ ಹಾಕಿ ಕೆಸರು ಎತ್ತುತ್ತದೆ. ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ಮುಂಗೈಯಿಂದ ಆ ಕೆಸರನ್ನು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಎತ್ತುತ್ತದೆ, ಮತ್ತೆ ಮೆತ್ತುತ್ತದೆ.

2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಈ ಕಪ್ಪೆ ಹೊಸ ಪ್ರಭೇದ ಎಂದು ಲೋಕಕ್ಕೆ ತೋರಿಸಿಕೊಟ್ಟರು. ಅದಕ್ಕೆ ಅವರಿಟ್ಟ ವೈಜ್ಞಾನಿಕ ಹೆಸರಿನಲ್ಲಿ ನಮ್ಮ ಕನ್ನಡದ ಪದವೇ ಕೂತಿದೆ. ಕುಂಬಾರ. ಜಗತ್ತಿನ ಯಾವ ಮೂಲೆಯ ವಿಜ್ಞಾನಿಯಾದರೂ ಈ ಕಪ್ಪೆಯ ಬಗ್ಗೆ ಬರೆಯಬೇಕಾದರೆ ‘ಕುಂಬಾರ’ ಅಂತಲೇ ಬರೆಯಬೇಕು. ನನಗೆ ಇದು ತುಂಬಾ ಖುಷಿ ಕೊಡುವ ಸಂಗತಿ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುತ್ತೇನೆ. ಹತ್ತೂವರೆಗೆ ಕ್ಲಾಸಿನಲ್ಲಿ ಡಾರ್ವಿನ್ ಪಾಠ. ಕುಂಬಾರಕಪ್ಪೆಯ ಕಥೆ ಹೇಳಿದ ದಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಮೇಡಂ, ಕಪ್ಪೆಗೆ ಮಣ್ಣು ಮೆತ್ತೋದನ್ನ ಯಾರು ಹೇಳಿಕೊಟ್ಟಿದ್ದು? ದೇವರಾ, ಡಾರ್ವಿನ್ನಾ?’

ಕ್ಲಾಸು ನಕ್ಕಿತು. ಅವಳು ನಗಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಅವಳಿಗೆ ಅವತ್ತು ಗಂಟೆ ಹೊಡೆಯುವುದರೊಳಗೆ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳ ಪ್ರಶ್ನೆ ಹೊಸದಲ್ಲ. ಮಡಕೆ ನೋಡಿದರೆ ಕುಂಬಾರ ಇದ್ದಾನೆ ಅಂತ ಗೊತ್ತಾಗುತ್ತದೆ, ಜಗತ್ತು ನೋಡಿದರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಅಂತ ಗೊತ್ತಾಗುತ್ತದೆ. ಇದು ನಮ್ಮ ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ, ವಾದ. ಸುಮಾರು ಸಾವಿರ ವರ್ಷದ ಹಿಂದೆ ಮಿಥಿಲೆಯ ಉದಯನಾಚಾರ್ಯರು ಇದನ್ನು ಬಹಳ ಬಿಗಿಯಾಗಿ ಕಟ್ಟಿದರು. ಇಂಗ್ಲೆಂಡಿನಲ್ಲಿ 1802ರಲ್ಲಿ ವಿಲಿಯಂ ಪೇಲಿ ಎಂಬ ಪಾದ್ರಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಅವರು ಮಡಕೆಯ ಜಾಗದಲ್ಲಿ ಗಡಿಯಾರ ಇಟ್ಟರು. ಬಯಲಲ್ಲಿ ಗಡಿಯಾರ ಸಿಕ್ಕಿದರೆ ಅದು ತಾನಾಗೇ ಹುಟ್ಟಿತು ಅಂತ ಯಾರಾದರೂ ಹೇಳುತ್ತಾರಾ? ಹಾಗಾದರೆ ಕಣ್ಣಿನಂಥ ಕಣ್ಣು ತಾನಾಗೇ ಹುಟ್ಟಿತಾ?

ಪೇಲಿಯ ಬರಹವನ್ನು ಕಾಲೇಜಿನಲ್ಲಿ ಮೆಚ್ಚಿ ಓದಿದವರಲ್ಲಿ ಪಾದ್ರಿಯಾಗಲು ಹೊರಟಿದ್ದ ಒಬ್ಬ ಹುಡುಗನೂ ಇದ್ದ. ಅವನ ಹೆಸರು ಚಾರ್ಲ್ಸ್ ಡಾರ್ವಿನ್.

ಡಾರ್ವಿನ್ 1859ರಲ್ಲಿ ಕೊಟ್ಟ ಉತ್ತರ ಕೇಳಲು ಸರಳ, ಅರಗಿಸಿಕೊಳ್ಳಲು ಕಷ್ಟ. ನಮ್ಮ ಕಪ್ಪೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಒಂದೇ ತೊರೆಯ ಕಪ್ಪೆಗಳೆಲ್ಲ ಒಂದೇ ಥರ ಇರುವುದಿಲ್ಲ. ಬಣ್ಣದಲ್ಲಿ, ಗಾತ್ರದಲ್ಲಿ, ನಡತೆಯಲ್ಲಿ ಕೊಂಚ ಕೊಂಚ ವ್ಯತ್ಯಾಸ. ಆ ವ್ಯತ್ಯಾಸಗಳಲ್ಲಿ ಕೆಲವು ಮರಿಗಳಿಗೂ ಇಳಿಯುತ್ತವೆ. ಹುಟ್ಟಿದ ಮರಿಗಳಲ್ಲಿ ಬದುಕಿ ದೊಡ್ಡದಾಗುವವು ಕೆಲವೇ. ಈಗ ಒಂದು ಕಾಲದಲ್ಲಿ ಯಾವುದೋ ಗಂಡು ಕಪ್ಪೆ ಕೆಸರುಗೈಯಲ್ಲೇ ಮೊಟ್ಟೆ ಮುಟ್ಟುತ್ತಿತ್ತು ಎಂದುಕೊಳ್ಳಿ. ಸ್ವಲ್ಪ ಮಣ್ಣು ಅಂಟಿದ ಮೊಟ್ಟೆ ಬೇಗ ಒಣಗಲಿಲ್ಲ, ತಿನ್ನುವವರ ಕಣ್ಣಿಗೂ ಬೀಳಲಿಲ್ಲ. ಅದರ ಮರಿಗಳು ಪಕ್ಕದ ಕಪ್ಪೆಯ ಮರಿಗಳಿಗಿಂತ ಒಂದೆರಡು ಜಾಸ್ತಿ ಉಳಿದವು. ಅವುಗಳಲ್ಲೂ ಅದೇ ಅಭ್ಯಾಸ. ಹೀಗೆ ಸಾವಿರಾರು ತಲೆಮಾರು ಹೋದರೆ, ಮೆತ್ತುವ ಕಪ್ಪೆಗಳೇ ಉಳಿದುಕೊಳ್ಳುತ್ತವೆ. ಕುಂಬಾರಕಪ್ಪೆಯ ವಿಷಯದಲ್ಲಿ ಇದು ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ದಾರಿ ಈ ಥರದ್ದು ಅಂತ ಮಾತ್ರ. ಇದೇ ಬಳಗದ ಬೇರೆ ಇರುಳುಗಪ್ಪೆಗಳಲ್ಲಿ ಕೆಲವು ಮಣ್ಣು ಮೆತ್ತುವುದಿಲ್ಲ, ಮೊಟ್ಟೆಯ ಹತ್ತಿರ ಕಾವಲು ಕೂರುತ್ತವೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ನುಸುಳುತ್ತದೆ. ‘ಹಾಗಾದರೆ ಎಲ್ಲವೂ ಸುಮ್ನೆ ಆಕಸ್ಮಿಕ ಅಂತೀರಾ?’ ಅಲ್ಲ. ವ್ಯತ್ಯಾಸ ಹುಟ್ಟುವುದು ಆಕಸ್ಮಿಕ. ಯಾವುದು ಉಳಿಯುತ್ತದೆ ಎಂಬುದು ಆಕಸ್ಮಿಕ ಅಲ್ಲ. ಮೊರದಲ್ಲಿ ಅಕ್ಕಿ ಕೇರುವುದನ್ನು ನೆನಪು ಮಾಡಿಕೊಳ್ಳಿ. ಯಾವ ಕಾಳು ಎಲ್ಲಿ ಬಿದ್ದಿತ್ತು ಎಂಬುದಕ್ಕೆ ಲೆಕ್ಕ ಇಲ್ಲ. ಆದರೆ ಹೊಟ್ಟು ಹಾರಿ ಹೋಗುತ್ತದೆ, ಕಾಳು ಉಳಿಯುತ್ತದೆ. ಅದಕ್ಕೊಂದು ಲೆಕ್ಕ ಇದ್ದೇ ಇದೆ.

ಕನ್ನಡದಲ್ಲಿ ನಮಗೆ ಹೆಸರಿನದೇ ಒಂದು ತೊಡಕು. ನಾವು ಇದನ್ನು ‘ವಿಕಾಸವಾದ’ ಎನ್ನುತ್ತೇವೆ. ‘ವಾದ’ ಅಂದ ಕೂಡಲೇ ಇದಕ್ಕೊಂದು ಪ್ರತಿವಾದವೂ ಇರಬೇಕು, ಇನ್ನೂ ತೀರ್ಮಾನ ಆಗಿಲ್ಲ ಅನ್ನಿಸುತ್ತದೆ. ‘ವಿಕಾಸ’ ಅಂದ ಕೂಡಲೇ ಹೂವು ಅರಳಿದ ಹಾಗೆ, ಕೀಳಿನಿಂದ ಮೇಲಕ್ಕೆ ಹತ್ತಿದ ಹಾಗೆ ಕೇಳಿಸುತ್ತದೆ. ಎರಡೂ ಸರಿಯಲ್ಲ. ಇದು ಏಣಿ ಅಲ್ಲ, ಆಲದ ಮರ. ಕಪ್ಪೆ ನಮಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂತಿಲ್ಲ, ಬೇರೆ ಕೊಂಬೆಯಲ್ಲಿ ಕೂತಿದೆ. ‘ಮಂಗನಿಂದ ಮಾನವ’ ಅನ್ನುವ ಮಾತು ಪ್ರಾಸಕ್ಕೆ ಚೆನ್ನ, ನಿಜಕ್ಕೆ ಅಲ್ಲ. ಚಿಂಪಾಂಜಿ ನಮ್ಮ ಅಜ್ಜನಲ್ಲ, ದಾಯಾದಿ. ಸುಮಾರು 60–70 ಲಕ್ಷ ವರ್ಷದ ಹಿಂದೆ ನಮ್ಮಿಬ್ಬರ ಮನೆ ಪಾಲಾಯಿತು, ಅಷ್ಟೆ.

‘ಅದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?’ 2018ರ ಜನವರಿಯಲ್ಲಿ ಕೇಂದ್ರದ ಒಬ್ಬ ಸಚಿವರು ಹೀಗೆ ಕೇಳಿದ್ದರು. ಮಂಗ ಮನುಷ್ಯನಾದದ್ದನ್ನು ನಮ್ಮ ಹಿರಿಯರು ಯಾರೂ ನೋಡಿಲ್ಲ, ಆದ್ದರಿಂದ ಡಾರ್ವಿನ್ ತಪ್ಪು ಎಂಬುದು ಅವರ ಮಾತಿನ ಸಾರ. ಬೆಂಗಳೂರಿನದ್ದೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ತಳ್ಳಿಹಾಕಿದವು. ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಕಣ್ಣಿಗೆ ಕಂಡದ್ದು ಮಾತ್ರ ನಿಜ ಎಂದು ನಮ್ಮ ದೇಶದಲ್ಲಿ ಹೇಳಿದವರು ಚಾರ್ವಾಕರು. ಉಳಿದವರು ಅನುಮಾನವನ್ನೂ ಪ್ರಮಾಣ, ಅಂದರೆ ತಿಳಿವಿನ ದಾರಿ, ಎಂದು ಒಪ್ಪಿದ್ದರು. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ. ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಅಂತ ತಿಳಿಯುವುದು. ಹತ್ತಿ ಹೋಗಿ ನೋಡಬೇಕಾಗಿಲ್ಲ.

ಜೀವವಿಕಾಸದ ಹೊಗೆ ಎಲ್ಲೆಲ್ಲೂ ಇದೆ. ನಿಮ್ಮ ಮೈಯೊಳಗೇ ಇದೆ. ಹಸು, ಆಡು, ನಾಯಿ, ಇಲಿ ಇವೆಲ್ಲ ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ಯಕೃತ್ತಿನಲ್ಲೇ ತಯಾರು ಮಾಡಿಕೊಳ್ಳುತ್ತವೆ. ಅವುಗಳಿಗೆ ನೆಲ್ಲಿಕಾಯಿಯೂ ಬೇಡ, ನಿಂಬೆಹಣ್ಣೂ ಬೇಡ. ನಮಗೆ ಬೇಕು. ಯಾಕೆ? ಆ ಸತ್ವ ತಯಾರಿಸುವ ಕೊನೆಯ ಹಂತದ ಜೀನ್ ನಮ್ಮಲ್ಲಿ ಕೆಟ್ಟಿದೆ. ಇಲ್ಲವೇ ಇಲ್ಲ ಅಂತಲ್ಲ. ಇದೆ, ಇದ್ದ ಜಾಗದಲ್ಲೇ ಇದೆ, ಆದರೆ ಮುರಿದುಬಿದ್ದಿದೆ. ಚಿಂಪಾಂಜಿಯಲ್ಲೂ ಅದೇ ಜೀನ್ ಕೆಟ್ಟಿದೆ. ಒಂದೇ ಊರಿನ ಇಬ್ಬರು ಹುಡುಗರ ನೋಟ್‌ಬುಕ್ಕಿನಲ್ಲಿ ಉತ್ತರ ಸರಿ ಇದ್ದರೆ ಮೇಷ್ಟ್ರು ಏನೂ ಹೇಳಲಾರರು. ತಪ್ಪು ಒಂದೇ ಥರ, ಒಂದೇ ಸಾಲಿನಲ್ಲಿ ಇದ್ದರೆ? ಇಬ್ಬರೂ ಒಂದೇ ಕಡೆಯಿಂದ ನೋಡಿ ಬರೆದಿದ್ದಾರೆ ಅಂತ ಯಾರಿಗಾದರೂ ಗೊತ್ತಾಗುತ್ತದೆ ಅಲ್ವಾ? ಪಾಠ ಮಾಡುವ ನಮಗಂತೂ ಈ ಸಾಕ್ಷಿ ಬಹಳ ಬೇಗ ತಲೆಗೆ ಹೋಗುತ್ತದೆ.

ಇನ್ನೊಂದು. 2003ರಲ್ಲಿ ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ ಸಿಕ್ಕಿದ ನೇರಳೆ ಬಣ್ಣದ ಕಪ್ಪೆಯನ್ನು ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸಾಯ್ಟ್ ವಿವರಿಸಿದರು. ವರ್ಷದ ಬಹುಪಾಲು ಮಣ್ಣಿನೊಳಗೇ ಇದ್ದು, ಮುಂಗಾರಿನ ಕೆಲವೇ ದಿನ ಮೇಲೆ ಬರುವ ಕಪ್ಪೆ ಅದು. ಅದರ ಹತ್ತಿರದ ನೆಂಟರು ಯಾರು ಅಂತ ಡಿಎನ್‌ಎ ನೋಡಿದರೆ, ಪಕ್ಕದ ಗುಡ್ಡದ ಕಪ್ಪೆಗಳಲ್ಲ. ಸಾವಿರಾರು ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ಸೀಶೆಲ್ಸ್ ದ್ವೀಪದ ಕಪ್ಪೆಗಳು! ಕಪ್ಪೆ ಉಪ್ಪುನೀರಿನಲ್ಲಿ ಅಷ್ಟು ದೂರ ಈಜಲಾರದು. ಆದರೆ ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನ ತನಕ ಸೀಶೆಲ್ಸ್ ಭಾರತಕ್ಕೆ ಅಂಟಿಕೊಂಡೇ ಇತ್ತು. ಕಲ್ಲು ಓದುವವರು ಹೇಳಿದ ಕಥೆಯೂ ಕಪ್ಪೆಯ ರಕ್ತ ಹೇಳಿದ ಕಥೆಯೂ ಒಂದಕ್ಕೊಂದು ಕೂಡಿಬಂದವು. ಎರಡು ಗುಡ್ಡದಲ್ಲಿ ಎರಡು ಹೊಗೆ.

ಇಷ್ಟು ಒಪ್ಪಿಕೊಂಡ ಮೇಲೆ ಆ ಹುಡುಗಿಯ ಪ್ರಶ್ನೆಗೆ ಬರಬೇಕು. ಕಪ್ಪೆಯ ಕೈಹಿಡಿದು ಮೆತ್ತಲು ಕಲಿಸಿದ ಒಬ್ಬ ಕುಂಬಾರ ಬೇಕಾಗಿಲ್ಲ ಅಂತಾಯಿತು. ದೇವರು ಹೋದನಾ?

ಇಲ್ಲಿ ನನಗೆ ದಾರಿ ತೋರಿಸಿದವರು ರಾಮಾನುಜಾಚಾರ್ಯರು. ನಮ್ಮ ಮೇಲುಕೋಟೆಯಲ್ಲಿ ಬಾಳಿದ ಮಹಾನುಭಾವರು. ಅವರ ದೈವಭಕ್ತಿಯನ್ನು ಯಾರೂ ಪ್ರಶ್ನಿಸಲಾರರು. ಆದರೂ ಅವರು ಬ್ರಹ್ಮಸೂತ್ರಕ್ಕೆ ಬರೆದ ಭಾಷ್ಯದಲ್ಲಿ ಈ ಕುಂಬಾರನ ವಾದವನ್ನು ಒಪ್ಪುವುದಿಲ್ಲ. ದೊಡ್ಡ ದೊಡ್ಡ ಕಟ್ಟಡಗಳನ್ನು ಹಲವರು ಸೇರಿ ಮಾಡುವುದನ್ನು ನೋಡುತ್ತೇವೆ. ಹಾಗಿರುವಾಗ ಭೂಮಿ, ಸಮುದ್ರ ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಒಬ್ಬನೇ ಮಾಡಿದ ಅಂತ ತರ್ಕದಿಂದ ಹೇಗೆ ಸಾಧಿಸುತ್ತೀರಿ? ಕುಂಬಾರನನ್ನು ನೋಡಿ ಊಹಿಸಿದ ದೇವರು ಕುಂಬಾರನ ಹಾಗೇ ಮೈಕೈ ಇರುವವನು, ಮಿತಿ ಇರುವವನು ಆಗಿಬಿಡುತ್ತಾನೆ. ತರ್ಕದಿಂದ ದೇವರನ್ನು ಸ್ಥಾಪಿಸಲು ಆಗುವುದಿಲ್ಲ, ಅವನನ್ನು ತಿಳಿಯುವ ದಾರಿ ಶಾಸ್ತ್ರ ಎಂಬುದು ಅವರ ನಿಲುವು. ಗಮನಿಸಿ, ಇದು ಡಾರ್ವಿನ್‌ಗಿಂತ ಏಳು ಶತಮಾನಕ್ಕೂ ಹಿಂದಿನ ಮಾತು. ಡಾರ್ವಿನ್ ಉರುಳಿಸಿದ್ದು ಯಾವ ಕಂಬವನ್ನೋ ಆ ಕಂಬಕ್ಕೆ ರಾಮಾನುಜರು ತಮ್ಮ ದೇವರನ್ನು ಒರಗಿಸಿಯೇ ಇರಲಿಲ್ಲ.

ಇನ್ನೂ ಹಿಂದೆ ಹೋಗಿ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು ಸೃಷ್ಟಿಕರ್ತನೇ ಇಲ್ಲ ಎಂದು ನೇರವಾಗಿ ವಾದಿಸಿದರು. ದೇವರು ಜಗತ್ತನ್ನು ಮಾಡಿದ ಅನ್ನುವುದಾದರೆ, ಮಾಡುವ ಮೊದಲು ಅವನು ಎಲ್ಲಿದ್ದ? ಜೈನರ ಪ್ರಕಾರ ಜಗತ್ತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಹಾಗಂತ ಜೈನಧರ್ಮದಲ್ಲಿ ಭಕ್ತಿ ಕಡಿಮೆಯಾಯಿತೇ? ಶ್ರವಣಬೆಳಗೊಳದ ಬೆಟ್ಟ ಹತ್ತಿದವರಿಗೆ ಉತ್ತರ ಗೊತ್ತು.

ನಾನು ಹೇಳಹೊರಟಿದ್ದು ಇಷ್ಟು. ದೇವರನ್ನು ನಾವು ಒಬ್ಬ ಕುಶಲಕರ್ಮಿಯ ಜಾಗದಲ್ಲಿ ಕೂರಿಸಿದರೆ ವಿಜ್ಞಾನ ಬೆಳೆದ ಹಾಗೆಲ್ಲ ಅವನಿಗೆ ಕೆಲಸ ಕಡಿಮೆಯಾಗುತ್ತದೆ. ಸಿಡಿಲು ಯಾಕೆ ಬಡಿಯುತ್ತದೆ ಅಂತ ಗೊತ್ತಿಲ್ಲದಾಗ ಇಂದ್ರ. ಗೊತ್ತಾದ ಮೇಲೆ ಇಂದ್ರನಿಗೆ ರಜೆ. ಸಿಡುಬಿಗೆ ಕಾರಣ ಗೊತ್ತಿಲ್ಲದಾಗ ಅಮ್ಮ. ಲಸಿಕೆ ಬಂದ ಮೇಲೆ? ನಮ್ಮ ಅಜ್ಞಾನದ ಸಂದುಗಳಲ್ಲಿ ದೇವರನ್ನು ಇಟ್ಟರೆ, ಸಂದು ಮುಚ್ಚಿದಾಗ ಅವನನ್ನು ನಾವೇ ಹೊರಗೆ ಹಾಕಿದ ಹಾಗೆ. ಜೀವ ಮೊದಲು ಹೇಗೆ ಹುಟ್ಟಿತು ಎಂಬುದಕ್ಕೆ ವಿಜ್ಞಾನದ ಬಳಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ‘ಅಲ್ಲೇ ಇದ್ದಾನೆ ನೋಡಿ ದೇವರು’ ಎನ್ನುವ ಭಕ್ತರನ್ನು ಕಂಡರೆ ನನಗೆ ಆತಂಕವಾಗುತ್ತದೆ. ನಾಳೆ ಆ ಉತ್ತರ ಸಿಕ್ಕಿದರೆ ಅವರ ದೇವರನ್ನು ಎಲ್ಲಿಡುತ್ತಾರೆ?

ಬಸವಣ್ಣನವರು ಬೇರೆ ಥರ ಹೇಳಿದರು. ದೇವರ ಇರವು ಸಸಿಯೊಳಗಿನ ರಸದ ರುಚಿಯ ಹಾಗೆ, ಮೊಗ್ಗಿನೊಳಗಿನ ಪರಿಮಳದ ಹಾಗೆ. ಮುಂಡಕ ಉಪನಿಷತ್ತು ಜೇಡವನ್ನು ತೋರಿಸುತ್ತದೆ. ಜೇಡ ನೂಲನ್ನು ಹೊರಗಿಂದ ತರುವುದಿಲ್ಲ, ತನ್ನೊಳಗಿಂದಲೇ ಬಿಡುತ್ತದೆ. ಇಲ್ಲಿ ಕುಂಬಾರನೂ ಮಣ್ಣೂ ಬೇರೆ ಬೇರೆ ಅಲ್ಲ. ಈ ಚಿತ್ರಗಳಲ್ಲಿ ದೇವರು ಪ್ರಕೃತಿಯ ನಿಯಮದ ಜೊತೆ ಪೈಪೋಟಿಗೆ ನಿಂತಿಲ್ಲ. ಸಸಿಯ ರಸ ಹೇಗೆ ಮೇಲೇರುತ್ತದೆ ಅಂತ ಸಸ್ಯಶಾಸ್ತ್ರ ಪೂರ್ತಿ ವಿವರಿಸಿದ ಮಾತ್ರಕ್ಕೆ ಬಸವಣ್ಣನವರ ಮಾತು ಸುಳ್ಳಾಗುವುದಿಲ್ಲ. ಅವರು ರಸದ ಕೊಳವೆಯ ಬಗ್ಗೆ ಹೇಳಲೇ ಇಲ್ಲ.

ಬೆಲ್ಲದ ಅಚ್ಚನ್ನು ಕಣ್ಣು ನೋಡಿ ಕಂದು ಎನ್ನುತ್ತದೆ, ನಾಲಿಗೆ ಸಿಹಿ ಎನ್ನುತ್ತದೆ. ನಾಲಿಗೆ ತಪ್ಪು ಅಂತ ಕಣ್ಣು ಹೇಳಲಾರದು. ಒಂದೊಂದು ಪ್ರಮಾಣಕ್ಕೂ ಅದರದೇ ಹೊಲ ಇದೆ. ಜೀವಗಳು ಹೇಗೆ ಬದಲಾದವು ಎಂಬುದು ವಿಜ್ಞಾನದ ಹೊಲ. ಈ ಬದುಕಿಗೆ ನಾನು ಹೇಗೆ ಕೈಮುಗಿಯಲಿ, ಯಾರಿಗೆ ಋಣಿಯಾಗಲಿ ಎಂಬುದು ಬೇರೆ ಹೊಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಸುಲಭದ ದಾರಿ ಹಿಡಿದ ಹಾಗೆ. ಬೇಲಿ ಹಾಕಿ ಎರಡು ಹೊಲ ಮಾಡಿದರೂ ಒಂದು ಹೊಲದ ದನ ಇನ್ನೊಂದಕ್ಕೆ ನುಗ್ಗುತ್ತಲೇ ಇರುತ್ತದೆ. ಧರ್ಮಗ್ರಂಥಗಳು ಜಗತ್ತಿನ ಬಗ್ಗೆಯೂ ಮಾತಾಡುತ್ತವೆ. ಹದಿನೇಳನೆಯ ಶತಮಾನದಲ್ಲಿ ಆರ್ಚ್‌ಬಿಷಪ್ ಅಷರ್ ಬೈಬಲಿನ ವಂಶಾವಳಿ ಕೂಡಿಸಿ, ಕ್ರಿ.ಪೂ. 4004ರಲ್ಲಿ ಸೃಷ್ಟಿಯಾಯಿತು ಎಂದು ಲೆಕ್ಕ ಹಾಕಿದರು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಇಲ್ಲಿ ಎರಡೂ ಸರಿ ಅನ್ನಲು ಬರುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಸಂಜೆ ಹೊತ್ತು ಜನ ಹತ್ತಿ ಕೂರುವ ಬಂಡೆಗೇ ಸುಮಾರು 300 ಕೋಟಿ ವರ್ಷ ವಯಸ್ಸು.

ಹೀಗೆ ಮುಖಾಮುಖಿಯಾದಾಗ ಏನು ಮಾಡಬೇಕು? ಶಂಕರಾಚಾರ್ಯರು ಗೀತೆಯ ಹದಿನೆಂಟನೆಯ ಅಧ್ಯಾಯದ ಭಾಷ್ಯದಲ್ಲಿ ಹೇಳುತ್ತಾರೆ: ಬೆಂಕಿ ತಣ್ಣಗಿದೆ, ಬೆಳಕಿಲ್ಲದ್ದು ಅಂತ ನೂರು ಶ್ರುತಿವಾಕ್ಯಗಳು ಹೇಳಿದರೂ ಅದು ಪ್ರಮಾಣವಾಗುವುದಿಲ್ಲ. ವೇದವನ್ನು ಪರಮಪ್ರಮಾಣ ಎಂದು ನಂಬಿದವರ ಮಾತು ಇದು! ಕಂಡ ಸತ್ಯಕ್ಕೆ ವಿರುದ್ಧವಾಗಿ ಶಾಸ್ತ್ರ ಹೇಳಿದ ಹಾಗೆ ಕಂಡರೆ, ಶಾಸ್ತ್ರಕ್ಕೆ ಬೇರೆ ಅರ್ಥ ಇರಬೇಕು ಎಂದು ಹುಡುಕಬೇಕು. ಕ್ರೈಸ್ತರಲ್ಲೂ ಈ ದಾರಿ ಇತ್ತು. ಪೋಪ್ ಹನ್ನೆರಡನೆಯ ಪಯಸ್ 1950ರಲ್ಲಿ ಮನುಷ್ಯದೇಹದ ವಿಕಾಸದ ಬಗ್ಗೆ ವಿಚಾರ ಮಾಡಲು ಅಡ್ಡಿಯಿಲ್ಲ ಎಂದರು. ಎರಡನೆಯ ಜಾನ್ ಪಾಲ್ 1996ರಲ್ಲಿ ಅದು ಬರೀ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿದರು.

ನಮ್ಮಲ್ಲಿ 6,000 ವರ್ಷದ ಇಕ್ಕಟ್ಟು ಇಲ್ಲ. ನಮ್ಮ ಕಷ್ಟ ಬೇರೆ. ನಾವು ವಿಜ್ಞಾನವನ್ನು ಬೇಡ ಎನ್ನುವುದಕ್ಕಿಂತ ‘ನಮ್ಮಲ್ಲಿ ಮೊದಲೇ ಇತ್ತು’ ಎನ್ನುವುದು ಜಾಸ್ತಿ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಭಾಷಣದಲ್ಲಿ ನೀವೂ ಕೇಳಿರುತ್ತೀರಿ. ಮತ್ಸ್ಯ ನೀರಿನ ಪ್ರಾಣಿ, ಕೂರ್ಮ ನೀರು–ನೆಲ ಎರಡರದ್ದು, ವರಾಹ ನೆಲದ್ದು, ನರಸಿಂಹ ಅರ್ಧ ಮನುಷ್ಯ, ವಾಮನ ಕುಳ್ಳ ಮನುಷ್ಯ. ನೋಡಿ, ದಶಾವತಾರವೇ ಡಾರ್ವಿನ್!

ಹೇಳುವವರ ಮನಸ್ಸಿನಲ್ಲಿ ಭಕ್ತಿ ಇದೆ, ಹೆಮ್ಮೆ ಇದೆ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕಥೆಯನ್ನು ಒಮ್ಮೆ ಸರಿಯಾಗಿ ನೆನೆಯಿರಿ. ಮತ್ಸ್ಯಾವತಾರದಲ್ಲಿ ಮೀನು ಯಾರ ಬೊಗಸೆಗೆ ಬಂತು? ಮನುವಿನ ಬೊಗಸೆಗೆ. ಅಂದರೆ ಮೊದಲ ಅವತಾರದ ಹೊತ್ತಿಗೇ ಮನುಷ್ಯ ಇದ್ದಾನೆ, ನದಿಯಲ್ಲಿ ನಿಂತು ತರ್ಪಣ ಕೊಡುತ್ತಿದ್ದಾನೆ. ದೋಣಿಯೂ ಇದೆ. ಇದು ಜೀವ ಬದಲಾದ ಕಥೆ ಅಲ್ಲ, ಮುಳುಗುವವರನ್ನು ಕಾಯಲು ದೇವರು ಮೀನಾಗಿಯಾದರೂ ಬರುತ್ತಾನೆ ಎಂಬ ಕಥೆ. ಹಂದಿಯ ರೂಪವಾದರೂ ಸರಿ, ಭೂಮಿಯನ್ನು ಎತ್ತುತ್ತಾನೆ. ಅದನ್ನು ಪಠ್ಯಪುಸ್ತಕದ ಚಾರ್ಟು ಮಾಡಿದರೆ ಆ ಕರುಣೆಯೇ ಕಳೆದುಹೋಗುತ್ತದೆ. ಇನ್ನೊಂದು ಮಾತು. ಈ ಹೋಲಿಕೆ ಹುಟ್ಟಿದ್ದೇ ಡಾರ್ವಿನ್ ಬರೆದ ಮೇಲೆ. ಅದಕ್ಕೂ ಮೊದಲು ನಮ್ಮ ಯಾವ ಆಚಾರ್ಯರೂ ದಶಾವತಾರವನ್ನು ಹಾಗೆ ಓದಿರಲಿಲ್ಲ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಅದಕ್ಕೆ ಹತ್ತಿರ. ಆ ಅಂಕಿ ಬಂದದ್ದು ಯುಗಗಳ ಲೆಕ್ಕದಿಂದ, ಕಲ್ಲಿನ ಅಳತೆಯಿಂದ ಅಲ್ಲ.

ಈ ವಿಷಯದಲ್ಲಿ ನನಗೆ ಬಹಳ ಗೌರವ ಇರುವುದು ಬೆಲ್ಜಿಯಂನ ಜಾರ್ಜ್ ಲೆಮೇತ್ರ್ ಮೇಲೆ. ಅವರು ಕ್ಯಾಥೊಲಿಕ್ ಪಾದ್ರಿ, ಭೌತವಿಜ್ಞಾನಿಯೂ ಹೌದು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದವರು. ವಿಶ್ವ ಒಂದು ‘ಆದಿಮ ಅಣು’ವಿನಿಂದ ಶುರುವಾಯಿತು ಎಂಬ ಕಲ್ಪನೆ ಅವರದ್ದೇ. 1951ರಲ್ಲಿ ಪೋಪ್ ಪಯಸ್, ವಿಜ್ಞಾನವೇ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಎಂಬ ಅರ್ಥದಲ್ಲಿ ಭಾಷಣ ಮಾಡಿದರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಲೆಮೇತ್ರ್‌ಗೆ ಅದು ಸರಿಕಾಣಲಿಲ್ಲ. ತಮ್ಮ ಸಿದ್ಧಾಂತ ದೇವರಿದ್ದಾನೆ ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ ಎಂಬುದು ಅವರ ನಿಲುವು. ತಮ್ಮ ದೇವರನ್ನು ನಾಳೆ ಬದಲಾಗಬಹುದಾದ ಒಂದು ಸಮೀಕರಣಕ್ಕೆ ಕಟ್ಟಿಹಾಕಲು ಆ ಪಾದ್ರಿ ಒಪ್ಪಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಅದು ಬುದ್ಧಿಗೆ ಚುಚ್ಚುವುದಲ್ಲ, ಎದೆಗೆ ಚುಚ್ಚುವುದು. ಅದಕ್ಕಾಗಿ ಇನ್ನೊಬ್ಬ ಕುಂಬಾರನ ಹತ್ತಿರ ಹೋಗಬೇಕು.

ನಾನು ಚಿಕ್ಕವಳಿದ್ದಾಗ ನಮ್ಮ ದೇವರ ಮನೆಯ ಕಿಟಕಿಯ ಚೌಕಟ್ಟಿಗೆ ಕುಂಬಾರ ಹುಳ ಗೂಡು ಕಟ್ಟಿತ್ತು. ಅದೊಂದು ಜಾತಿಯ ಕಣಜ. ಹೆಬ್ಬೆರಳಿನ ಗಾತ್ರದ ಪುಟ್ಟ ಮಣ್ಣಿನ ಮಡಕೆ. ಅಜ್ಜಿ ತೋರಿಸಿ ಕಥೆ ಹೇಳಿದಳು: ‘ಹುಳ ಒಂದು ಕೀಡೆನ ತಂದು ಒಳಗಿಟ್ಟು ಬಾಯಿ ಮುಚ್ಚತ್ತೆ ಪುಟ್ಟಿ. ಹೊರಗೆ ಕೂತು ಗುಂಯ್ ಅಂತ ಹಾಡತ್ತೆ. ಆ ಕೀಡೆ ಒಳಗೆ ಅದನ್ನೇ ನೆನಸ್ತಾ ನೆನಸ್ತಾ ತಾನೂ ಅದೇ ಹುಳ ಆಗಿ ಹಾರಿ ಬರತ್ತೆ. ದೇವರನ್ನ ನೆನಸಿದ್ರೆ ನಾವೂ ಹಂಗೇಯ.’ ಅಜ್ಜಿ ಕಟ್ಟಿದ ಕಥೆ ಅಲ್ಲ ಇದು. ಭ್ರಮರ–ಕೀಟ ನ್ಯಾಯ ಅಂತ ಭಾಗವತದಲ್ಲೇ ಬರುವ ಹಳೆಯ ಹೋಲಿಕೆ.

ಮಾರನೆಯ ದಿನ ಅಜ್ಜಿಗೆ ಗೊತ್ತಾಗದ ಹಾಗೆ ಪಿನ್ನಿನಿಂದ ಮಡಕೆ ಒಡೆದೆ. ಕೀಡೆ ಹುಳ ಆಗುತ್ತಿರುವುದನ್ನು ನೋಡುವ ಆಸೆ. ಒಳಗೆ ಐದಾರು ಹಸಿರು ಕೀಡೆಗಳು ಒತ್ತೊತ್ತಾಗಿ ಬಿದ್ದಿದ್ದವು. ಸತ್ತಿರಲಿಲ್ಲ. ಮುಟ್ಟಿದರೆ ಒಂದರ ಬಾಲ ಚೂರು ಅಲುಗಿತು. ಅವುಗಳ ಮೇಲೆ ಬಿಳಿ ಬಣ್ಣದ, ಕಣ್ಣಿಲ್ಲದ ಒಂದು ಮರಿಹುಳ. ಅದು ತಿನ್ನುತ್ತಿತ್ತು.

ಕಾಲೇಜಿಗೆ ಹೋದ ಮೇಲೆ ಪೂರ್ತಿ ಗೊತ್ತಾಯಿತು. ತಾಯಿ ಹುಳ ಕೀಡೆಯನ್ನು ಕುಟುಕಿ ನಿಶ್ಚಲ ಮಾಡುತ್ತದೆ, ಕೊಲ್ಲುವುದಿಲ್ಲ. ಸತ್ತರೆ ಕೊಳೆಯುತ್ತದೆ, ಮರಿಗೆ ತಾಜಾ ಊಟ ಬೇಕು. ಗೂಡಿನಿಂದ ಹಾರಿ ಬರುವ ಹುಳ ಆ ಕೀಡೆ ಅಲ್ಲ, ಕೀಡೆಯನ್ನು ತಿಂದು ಬೆಳೆದ ಮರಿ. ಹೋಲಿಕೆ ಎಷ್ಟು ಚೆಂದವಾಗಿದ್ದರೂ ಸಂಗತಿ ತಪ್ಪು. ಶಂಕರರ ಮಾತಿನ ಪ್ರಕಾರ ನೂರು ಗ್ರಂಥ ಹೇಳಿದರೂ ಅದು ತಪ್ಪೇ. ಅಜ್ಜಿಯ ಭಕ್ತಿ ತಪ್ಪಾಗಿರಲಿಲ್ಲ. ನೆನೆದದ್ದೇ ನಾವಾಗುತ್ತೇವೆ ಎಂಬ ಮಾತಿಗೆ ಹುಳದ ಸಾಕ್ಷಿ ಬೇಕಾಗಿಲ್ಲ. ಆ ಸಾಕ್ಷಿಯನ್ನು ಮಾತ್ರ ಕೈಬಿಡಬೇಕು.

ಆದರೆ ಆ ಬಾಲ ಅಲುಗಿದ್ದು? ಅದನ್ನು ಏನು ಮಾಡುವುದು?

ಡಾರ್ವಿನ್ ಅವರನ್ನು ಕಾಡಿದ್ದೂ ಇದೇ ಬಳಗದ ಕಣಜ. 1860ರ ಮೇ 22ರಂದು ಅವರು ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಕಾಗದ ಬರೆದರು. ಗ್ರೇ ಹಾರ್ವರ್ಡಿನ ಪ್ರಾಧ್ಯಾಪಕರು, ಗಾಢ ದೈವಭಕ್ತರು, ಅಮೆರಿಕದಲ್ಲಿ ಡಾರ್ವಿನ್ ಪರವಾಗಿ ನಿಂತವರು. ನಾಸ್ತಿಕವಾಗಿ ಬರೆಯುವ ಉದ್ದೇಶ ನನಗಿರಲಿಲ್ಲ ಎಂದರು ಡಾರ್ವಿನ್. ಆದರೆ ಜೀವಂತ ಕೀಡೆಯ ಮೈಯೊಳಗೇ ಉಂಡು ಬೆಳೆಯಲಿ ಎಂದು ಕರುಣಾಳುವೂ ಸರ್ವಶಕ್ತನೂ ಆದ ದೇವರು ಬೇಕಂತಲೇ ಇಂಥ ಕಣಜವನ್ನು ಸೃಷ್ಟಿಸಿದ ಅಂತ ನಂಬಲು ನನ್ನಿಂದ ಆಗುತ್ತಿಲ್ಲ ಎಂದೂ ಬರೆದರು. ಅದೇ ಕಾಗದದಲ್ಲಿ, ಈ ಅದ್ಭುತ ವಿಶ್ವವೆಲ್ಲ ಬರೀ ಕುರುಡು ಬಲದ ಫಲ ಅನ್ನಲೂ ಮನಸ್ಸು ಒಪ್ಪುವುದಿಲ್ಲ ಎಂದರು. ಇಂಥ ವಿಷಯ ಮನುಷ್ಯಬುದ್ಧಿಗೆ ಮೀರಿದ್ದು, ನಾಯಿಯೊಂದು ನ್ಯೂಟನ್ನನ ಮನಸ್ಸಿನ ಬಗ್ಗೆ ಊಹಿಸಿದ ಹಾಗೆ ಎಂದರು. ಒಂಬತ್ತು ವರ್ಷ ಹಿಂದೆ, 1851ರಲ್ಲಿ, ಅವರ ಹತ್ತು ವರ್ಷದ ಮಗಳು ಆ್ಯನಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಇದನ್ನು ನೆನಪಿಟ್ಟುಕೊಂಡು ಆ ಕಾಗದ ಓದಬೇಕು.

ಗ್ರೇ ಅವರು ಜೀವಿಗಳ ವ್ಯತ್ಯಾಸಗಳನ್ನು ದೇವರೇ ಒಳ್ಳೆಯ ದಾರಿಯಲ್ಲಿ ನಡೆಸುತ್ತಿರಬಹುದು ಎಂದರು. ಡಾರ್ವಿನ್ ಒಪ್ಪಲಿಲ್ಲ. ಸ್ನೇಹ ಕೆಡಲಿಲ್ಲ. 1879ರಲ್ಲಿ ಒಬ್ಬರು ಕೇಳಿದಾಗ ಡಾರ್ವಿನ್ ಬರೆದ ಉತ್ತರದಲ್ಲಿ ಈ ಸ್ನೇಹಿತನ ಹೆಸರಿದೆ. ಒಬ್ಬ ಮನುಷ್ಯ ಗಾಢ ಆಸ್ತಿಕನೂ ವಿಕಾಸವನ್ನು ಒಪ್ಪುವವನೂ ಆಗಿರಬಲ್ಲ, ಅದನ್ನು ಸಂಶಯಿಸುವುದೇ ಅಸಂಬದ್ಧ, ಏಸಾ ಗ್ರೇ ಅದಕ್ಕೊಂದು ಉದಾಹರಣೆ ಎಂದರು ಅವರು. ಡಾರ್ವಿನ್ ಆ ಹೊತ್ತಿಗೆ ತಮ್ಮನ್ನು ಅಜ್ಞೇಯವಾದಿ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವ, ಎಂದು ಕರೆದುಕೊಳ್ಳುತ್ತಿದ್ದರು.

ನೋವಿನ ಪ್ರಶ್ನೆಯನ್ನು ವಿಜ್ಞಾನ ಹುಟ್ಟುಹಾಕಲಿಲ್ಲ. ಬುದ್ಧ ಮನೆ ಬಿಟ್ಟದ್ದು ಅದೇ ಪ್ರಶ್ನೆಗೆ. ನಮ್ಮವರು ಕರ್ಮ ಎಂದರು, ಲೀಲೆ ಎಂದರು. ವಿಕಾಸದ ಅರಿವು ಆ ಪ್ರಶ್ನೆಯನ್ನು ಇನ್ನೂ ಹರಿತ ಮಾಡಿತು. ಯಾಕೆಂದರೆ ಸಾವು, ಹಸಿವು ಇಲ್ಲಿ ಅಪವಾದಗಳಲ್ಲ, ಇಡೀ ವ್ಯವಸ್ಥೆ ನಡೆಯುವುದೇ ಅವುಗಳಿಂದ. ಲೀಲೆ ಎಂಬ ಉತ್ತರ ನನಗೆ ಆ ಕೀಡೆಯ ಮುಂದೆ ಹೇಳಲು ಬಾಯಿ ಬರುವುದಿಲ್ಲ. ಆದರೆ ದೇವರನ್ನು ಒಂದೊಂದು ಕಣಜದ ವಿನ್ಯಾಸಗಾರ ಅಂತ ನಾನು ನಂಬಬೇಕಾಗಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ. ಆ ಕುಟುಕನ್ನು ಯಾರೂ ಕೂತು ಯೋಚಿಸಿ ಮಾಡಲಿಲ್ಲ. ಈ ಸಮಾಧಾನ ನನಗೆ ಕೊಟ್ಟದ್ದು ಡಾರ್ವಿನ್. ಅದರ ಮೇಲೂ ಆ ಬಾಲ ಅಲುಗಿದ್ದು ನನ್ನನ್ನು ಕಾಡುವುದು ಯಾಕೆ, ಒಂದು ಹುಳಕ್ಕಾಗಿ ಮನಸ್ಸು ಮರುಗುವುದು ಯಾಕೆ? ಆ ಮರುಗುವಿಕೆಗೂ ವಿಕಾಸದ ಚರಿತ್ರೆ ಇರಬಹುದು, ಇದೆ ಎಂದೇ ಇಟ್ಟುಕೊಳ್ಳಿ. ದಯೆಯೇ ಧರ್ಮದ ಬೇರು ಎಂದು ಕಲಿತ ನನಗೆ, ನಾನು ಕೈಮುಗಿಯುವ ದೇವರು ಅಲ್ಲೇ ಹತ್ತಿರ ಅನ್ನಿಸುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ತೋರಿಸಲಾರೆ. ಪರೀಕ್ಷೆಯಲ್ಲಿ ಯಾರಾದರೂ ಬರೆದರೆ ಅಂಕವನ್ನೂ ಕೊಡಲಾರೆ.

ಆ ಹುಡುಗಿಗೆ ಮರುದಿನ ಇಷ್ಟು ಹೇಳಿದೆ: ‘ಕಪ್ಪೆ ಹೇಗೆ ಕಲಿತಿತು ಅಂತ ಪರೀಕ್ಷೆಯಲ್ಲಿ ಬಂದರೆ ಡಾರ್ವಿನ್ ಉತ್ತರ ಬರಿ. ಅದೇ ಸರಿಯಾದ ಉತ್ತರ, ಅರ್ಧ ಉತ್ತರ ಅಲ್ಲ. ಕತ್ತಲೆಕಾನಿಗೆ ಹೋಗಿ ಆ ಕಪ್ಪೆ ನೋಡಿದಾಗ ನಿನಗೆ ಕೈಮುಗಿಯಬೇಕು ಅನ್ನಿಸಿದರೆ ಮುಗಿ. ಅದಕ್ಕೆ ನನ್ನ ಅಪ್ಪಣೆ ಬೇಡ, ಡಾರ್ವಿನ್ನನ ಅಪ್ಪಣೆಯೂ ಬೇಡ.’

‘ಕೈಮುಗಿಯಬೇಕು ಅನ್ನಿಸದೇ ಇದ್ರೆ?’ ಅಂದಳು.

‘ಆಗ ಸುಮ್ನೆ ನೋಡು. ಟಾರ್ಚು ಜಾಸ್ತಿ ಹೊತ್ತು ಬಿಡಬೇಡ, ಅದು ಕೆಲಸ ನಿಲ್ಲಿಸಿಬಿಡಬಹುದು.’

ಈ ಸಲದ ಮಳೆಗೆ ನಮ್ಮ ದೇವರ ಮನೆಯ ಕಿಟಕಿಗೆ ಮತ್ತೆ ಮಣ್ಣಿನ ಮಡಕೆ ಬಂದಿದೆ. ನಾನು ಒಡೆಯಲಿಲ್ಲ. ಬೆಳಿಗ್ಗೆ ದೀಪ ಹಚ್ಚುವಾಗ ದಿನಾ ನೋಡುತ್ತಿದ್ದೆ. ಮೊನ್ನೆ ಅದರ ಹೊಟ್ಟೆಯಲ್ಲಿ ಒಂದು ದುಂಡನೆಯ ತೂತು ಇತ್ತು.